ಬಾಗಿಲ ಮುಂದಿನ ಚಪ್ಪಲಿಗಳು

ಕ್ರೀಡಾಂಗಣಕ್ಕೆ ಬರುವವರಿಗೆಂದೇ ಕಟ್ಟಿದ ರೈಲು ನಿಲ್ದಾಣ ಅದು. ಫೈನಲ್ ದಿನ ಗಣ್ಯರ ಕಾರುಗಳು ಮೊದಲು ಒಳಗೆ ಹೋಗಲಿ ಎಂದು, ನಿಲ್ದಾಣದಿಂದ ಮೈದಾನಕ್ಕೆ ಹೋಗುವ ಗೇಟಿಗೆ ಬೀಗ ಬಿತ್ತು. ರೈಲುಗಳು ಮಾತ್ರ ಜನರನ್ನು ತಂದು ಸುರಿಯುತ್ತಲೇ ಇದ್ದವು. ಮೆಟ್ಟಿಲ ಮೇಲೆ ನೂಕುನುಗ್ಗಲಾಗಿ ಕೆಲವರು ಮತ್ತೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಮೆಟ್ಟಿಲ ತುಂಬ ಚಪ್ಪಲಿ. ಗುಡಿಸುವ ಓಬಕ್ಕನಿಗೆ ಪೊರಕೆ ಎತ್ತಲು ಕೈ ಬರಲಿಲ್ಲ. ಅಷ್ಟರಲ್ಲಿ ಕ್ರೀಡಾಂಗಣದ ಕಾರ್ಯದರ್ಶಿ ಶಂಕರಲಿಂಗಪ್ಪ ಹರಿಹಾಯ್ದ.

"ಮಂತ್ರಿಗಳು ಬರ್ತಿದಾರೆ. ಇಲ್ಲಿ ಒಂದು ಚಪ್ಪಲೀನೂ ಕಾಣಬಾರದು."

"ಎಲ್ಲಿಡಲಿ ಸ್ವಾಮಿ?"

"ಚಪ್ಪಲಿ ಎಲ್ಲಿ ಬಿಡ್ತಾರೆ ಅಂತ ನಾನು ಹೇಳಿಕೊಡಬೇಕೇನೆ?"

ಓಬಕ್ಕ ಚಪ್ಪಲಿಗಳನ್ನು ಆರಿಸಿಕೊಂಡಳು. ಒಂದೊಂದನ್ನೂ ಸೆರಗಿನಿಂದ ಒರೆಸಿದಳು. ಮಂತ್ರಿಗಳಿಗೆಂದು ಸಿಂಗರಿಸಿದ್ದ ಕೋಣೆಯ ಬಾಗಿಲ ಮುಂದೆ ಜೋಡಿ ಜೋಡಿಯಾಗಿ ಇಟ್ಟಳು. ಪಿನ್ನು ಚುಚ್ಚಿದ್ದ ಹವಾಯಿ ಚಪ್ಪಲಿ, ಹೊಸ ಬೂಟು, ಜೊತೆ ಸಿಗದ ಮಗುವಿನ ಒಂಟಿ ಸ್ಯಾಂಡಲ್ಲು.

ಮಂತ್ರಿಗಳು ಬಂದರು. ಬಾಗಿಲಲ್ಲಿ ಅಷ್ಟು ಚಪ್ಪಲಿ ಕಂಡದ್ದೇ, ರೂಢಿಯಂತೆ ತಮ್ಮ ಬೂಟನ್ನೂ ಕಳಚಿದರು. ಶಂಕರಲಿಂಗಪ್ಪನೂ ಬೆವರುತ್ತ ಕಳಚಿದ. ಒಳಗೆ ಸಾಲು ಸಾಲು ಖಾಲಿ ಕುರ್ಚಿ.

"ಇಷ್ಟೊಂದು ಚಪ್ಪಲಿ ಇದಾವೆ, ಜನ ಎಲ್ರೀ?" ಎಂದರು ಮಂತ್ರಿಗಳು.

ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಓಬಕ್ಕನೇ ಹೇಳಿದಳು:

"ಗೇಟಿನ ತನಕ ಬಂದಿದ್ರು ಸ್ವಾಮಿ. ಬೀಗದ ಕೈ ಇವರ ಹತ್ರ ಇತ್ತು."

ಶಂಕರಲಿಂಗಪ್ಪನ ಕೈ ತಾನಾಗಿಯೇ ಜೇಬು ಮುಚ್ಚಿತು.