ಮೊದಲ ಆಟಕ್ಕೆ ಹೋದ ಇಬ್ಬರು

"ಅಜ್ಜಾರ, ಯಾವ ಪಿಕ್ಚರ್ ನೋಡಬೇಕು, ಯಾವ ಧಾರಾವಾಹಿ ಬಿಡಬೇಕು ಅಂತ ಎಲ್ಲಾರೂ ಗುರುಪಾದನ್ನ ಕೇಳ್ತಾರ. ನನ್ನ ಯಾಕ ಯಾರೂ ಕೇಳೂದಿಲ್ಲ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಬಸವಂತ. ಮಠದಲ್ಲಿದ್ದು ಓದುವ ಶಿಷ್ಯರಲ್ಲಿ ಅವನೇ ಹಿರಿಯ. ಗುರುಪಾದ ಅವನ ನಂತರ ಬಂದವನು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ಟಿ.ವಿ.ಯಲ್ಲಿ ಎಲ್ಲರೂ ಕೂತು ಒಂದು ಚಿತ್ರ ನೋಡುವ ರೂಢಿ ಆ ಮಠದಲ್ಲಿತ್ತು. ಯಾವುದನ್ನು ನೋಡಬೇಕೆಂಬುದು ಗುರುಪಾದನ ಬಾಯಿಂದಲೇ ಬರಬೇಕು. ಅಡುಗೆಯವರು ಕೂಡ ಸಂಜೆಯ ಧಾರಾವಾಹಿಗಳಲ್ಲಿ ಯಾವುದು ಚೆನ್ನ ಎಂದು ಒಗ್ಗರಣೆ ಹಾಕುತ್ತಲೇ ಅವನನ್ನು ಕೇಳುತ್ತಿದ್ದರು. ಆ ಸಾಸಿವೆ ಬಸವಂತನ ಹೊಟ್ಟೆಯಲ್ಲಿ ಸಿಡಿಯುತ್ತಿತ್ತು.

"ಅವನಿಗಿಂತ ಹೆಚ್ಚಿಗಿ ಪಿಕ್ಚರ್ ನಾ ನೋಡೇನ್ರಿ," ಎಂದು ಬಸವಂತ ಮತ್ತೆ ಹೇಳಿದ.

ಗುರುಗಳು ನಕ್ಕರು. "ಹೊಟ್ಟೆಕಿಚ್ಚು ಅಂತ ಬಾಯಿಬಿಟ್ಟು ಹೇಳಪಾ. ಹೇಳಿದ್ರ ಅರ್ಧಾ ಉರಿ ಇಳೀತೈತಿ," ಎಂದರು. ಹೊಟ್ಟೆಕಿಚ್ಚೇನಲ್ಲ ಎಂದ ಬಸವಂತ. ಗುರುಗಳು ಕತೆ ಹೇಳಿದರು.

ಒಂದು ಊರು. ಆ ಊರಿಗೆ ಒಂದೇ ಟಾಕೀಸು. ಶುಕ್ರವಾರ ಚಿತ್ರ ಬದಲಾಗುತ್ತಿತ್ತು. ಅಲ್ಲಿ ಒಬ್ಬ ದರ್ಜಿಯಿದ್ದ. ಶುಕ್ರವಾರ ಬಂತೆಂದರೆ ಅವನು ಮಧ್ಯಾಹ್ನವೇ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮೊದಲ ಆಟಕ್ಕೆ ಹೋಗುತ್ತಿದ್ದ. ಸಂಜೆ ಬಂದು ಮತ್ತೆ ಯಂತ್ರದ ಮುಂದೆ ಕೂರುತ್ತಿದ್ದ. ಜನ ಬಂದು ಹೇಗಿದೆ ಎಂದು ಕೇಳುತ್ತಿದ್ದರು. ಹೋಗಬಹುದು ಎಂದರೆ ಹೋಗುತ್ತಿದ್ದರು, ಬೇಡ ಎಂದರೆ ಮನೆಯಲ್ಲಿ ಉಳಿಯುತ್ತಿದ್ದರು. ಆ ಊರಿನವರಿಗೆ ಚಿತ್ರವೆಂದರೆ ದುಡಿಮೆಯ ನಡುವೆ ಸಿಗುವ ಒಂದು ಸುಖ. ಅದು ಕೆಟ್ಟ ಚಿತ್ರಕ್ಕೆ ಬಲಿಯಾಗುವುದು ಅವರಿಗೆ ಬೇಕಿರಲಿಲ್ಲ.

ದರ್ಜಿಗೆ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಬಾಯಿ ತೆರೆದುಕೊಂಡು ನೋಡುತ್ತಿದ್ದ. ಕಂಡದ್ದನ್ನು ಹೇಳುತ್ತಿದ್ದ. ಚಿತ್ರ ಸಪ್ಪೆಯಾಗಿದ್ದರೆ ಅಲ್ಲೇ ನಿದ್ದೆ ಹೊಡೆಯುತ್ತಿದ್ದ, ನಿದ್ದೆ ಹೊಡೆದೆ ಎಂದೂ ಹೇಳುತ್ತಿದ್ದ. ಜನಕ್ಕೆ ಅಷ್ಟು ಸಾಕಾಗಿತ್ತು.

ಅವನ ಅಂಗಡಿಯ ಎದುರಿಗೆ ಒಬ್ಬ ಬಟ್ಟೆ ವ್ಯಾಪಾರಿಯ ಅಂಗಡಿ. ಜನ ವ್ಯಾಪಾರಿಯ ಹತ್ತಿರ ಬಟ್ಟೆ ಕೊಳ್ಳುವರು, ರಸ್ತೆ ದಾಟುವರು, ದರ್ಜಿಗೆ ಅಳತೆ ಕೊಡುವರು, ಅಲ್ಲೇ ನಿಂತು ಚಿತ್ರದ ಮಾತು ಶುರು ಮಾಡುವರು. ವ್ಯಾಪಾರಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಮಹಡಿ ಮನೆಯಿತ್ತು, ತುಂಬಿದ ಅಂಗಡಿಯಿತ್ತು. ಆದರೆ ಬಟ್ಟೆಯ ದರವೊಂದನ್ನು ಬಿಟ್ಟರೆ ಅವನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಇಷ್ಟಕ್ಕೇ ಅವನಿಗೆ ಅನ್ನ ಸೇರದಾಯಿತು. ನಗಬೇಡ ಬಸವಂತ. ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣ ಬೇಕಾಗಿಲ್ಲ.

ಅವನೂ ಶುಕ್ರವಾರ ಮೊದಲ ಆಟಕ್ಕೆ ಹೊರಟ. ಮೇಲಿನ ಕುರ್ಚಿಯಲ್ಲಿ ಕೂತು ನೋಡಿ ಬಂದು, ಕೇಳದಿದ್ದರೂ ಗಿರಾಕಿಗಳಿಗೆ ಹೇಳತೊಡಗಿದ. ಗಿರಾಕಿಗಳು ಹೂಂಗುಟ್ಟಿ, ಬಟ್ಟೆ ಕಟ್ಟಿಸಿಕೊಂಡು, ಎದುರು ಅಂಗಡಿಗೆ ಹೋಗಿ ದರ್ಜಿ ಏನು ಹೇಳುತ್ತಾನೆ ನೋಡೋಣ ಎನ್ನುತ್ತಿದ್ದರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಆಮೇಲೆ ಅವನು ದರ್ಜಿ ಹೇಳಿದ್ದಕ್ಕೆ ಉಲ್ಟಾ ಹೇಳಿ ನೋಡಿದ. ದರ್ಜಿ ಬೇಡವೆಂದರೂ ಇವನಿಗೆ ಚೆನ್ನೆನಿಸಿದ ಒಂದು ಚಿತ್ರಕ್ಕೆ ಇವನ ಮಾತು ಕೇಳಿ ಹೋದ ನಾಲ್ಕಾರು ಮಂದಿ ಅರ್ಧಕ್ಕೇ ಎದ್ದು ಬಂದರು. ಬಂದವರು ಅಂಗಡಿಯ ಮುಂದೆ ನಿಂತು, ಸಾಹುಕಾರರು ಬಟ್ಟೆ ಮಾರುವುದೇ ಚೆಂದ ಎಂದು ಆಡಿಕೊಂಡರು.

ಅಂದು ವ್ಯಾಪಾರಿಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆ ಹೋಯಿತು. ದರ್ಜಿಯ ಮೇಲಿನ ಕಿಚ್ಚು ಮಾತ್ರ ಹೋಗಲಿಲ್ಲ. ಅವನು ಒಂದು ಉಪಾಯ ಹುಡುಕಿದ. ಕುರ್ಚಿ ಬಿಟ್ಟು ಕೆಳಗಿನ ಬೆಂಚಿಗೆ ಇಳಿದ. ಕೇಳಿದವರಿಗೆ ಕುರ್ಚಿಯಲ್ಲಿ ತಿಗಣೆ ಕಾಟ ಎಂದ. ದರ್ಜಿ ಕೂರುವ ಸಾಲಿನಲ್ಲೇ, ನಡುದಾರಿಯ ಈಚೆ ಕಡೆ ಕೂತ. ಪರದೆಯ ಬೆಳಕು ದರ್ಜಿಯ ಮುಖದ ಮೇಲೆ ಬೀಳುತ್ತಿತ್ತು. ದರ್ಜಿ ನಕ್ಕರೆ ಚಿತ್ರ ಚೆನ್ನ, ಆಕಳಿಸಿದರೆ ಕೆಟ್ಟದ್ದು, ಮುಂದಕ್ಕೆ ಬಾಗಿದರೆ ಹೊಡೆದಾಟ ಜೋರು. ಇಷ್ಟನ್ನು ಓದಿಕೊಂಡು ವ್ಯಾಪಾರಿ ಕೊನೆಯ ಹಾಡಿಗೂ ಮೊದಲೇ ಎದ್ದು ಬಂದು, ಸಂಜೆಯ ಆಟಕ್ಕೆ ನಿಂತವರ ಮುಂದೆ ಹೇಳಿಬಿಡುತ್ತಿದ್ದ. ದರ್ಜಿ ಆಮೇಲೆ ಹೇಳಿದ್ದೂ ಅದೇ ಆಗಿರುತ್ತಿತ್ತು.

ಜನಕ್ಕೆ ಆಶ್ಚರ್ಯವಾಯಿತು. ಸಾಹುಕಾರರಿಗೂ ಚಿತ್ರ ತಿಳಿಯುತ್ತದೆ, ಥೇಟ್ ದರ್ಜಿಯ ಹಾಗೆಯೇ ಹೇಳುತ್ತಾರೆ ಎಂದರು. ಹೊಗಳಿದ್ದೇ. ಆದರೆ 'ದರ್ಜಿಯ ಹಾಗೆ' ಎಂಬ ಮಾತು ವ್ಯಾಪಾರಿಗೆ ಮುಳ್ಳಾಯಿತು. ದರ್ಜಿಯನ್ನು ಮೀರಿಸಬೇಕು ಎಂದು ಇನ್ನಷ್ಟು ಕಣ್ಣು ಬಿಟ್ಟು ಅವನ ಮುಖ ನೋಡತೊಡಗಿದ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ಬರೆಯ ನೋವಿನಲ್ಲೂ ಅದು ಹುಲಿಯನ್ನೇ ನೋಡುತ್ತಿತ್ತೇನೋ.

ಈ ವ್ಯಾಪಾರಿಯ ಮನೆಯ ವಿಚಾರ ನಾನು ಹೇಳಿಲ್ಲ. ಅವನಿಗೆ ಒಬ್ಬಳೇ ಮಗಳಿದ್ದಳು. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಅವನ ಹೆಂಡತಿ ಮನೆಯ ಹೊಸ್ತಿಲು ದಾಟಿರಲಿಲ್ಲ. ಊಟ ಬಡಿಸುವಳು, ತಾನು ಉಣ್ಣುವುದನ್ನು ಮರೆಯುವಳು. ನೆರೆಮನೆಯ ಹೆಂಗಸು ಒಂದು ದಿನ ಆಕೆಯ ಪಕ್ಕ ಕೂತು, ಯಾವುದಾದರೂ ನಗುವ ಚಿತ್ರ ಬಂದರೆ ಹೋಗಿ ಬರೋಣ, ಎರಡು ಗಳಿಗೆ ಮನಸ್ಸು ಹಗುರವಾಗುತ್ತದೆ ಎಂದಳು. ಹೆಂಡತಿ ಅಂದೇ ಒಪ್ಪಲಿಲ್ಲ. ಶುಕ್ರವಾರ ಬೆಳಿಗ್ಗೆ ತಾನೇ ಗಂಡನ ಮುಂದೆ ಬಂದು ನಿಂತಳು.

"ಇವತ್ತ ಪಿಕ್ಚರ್ ಹೆಂಗೈತಿ ನೋಡ್ಕೊಂಡ ಬರ್ರಿ. ನಗೂದಿದ್ರ ನಾನೂ ಹೋಗಿ ಬರ್ತೇನಿ," ಎಂದಳು.

ವ್ಯಾಪಾರಿಗೆ ಜೀವ ಬಂದಂತಾಯಿತು. ಎಷ್ಟೋ ತಿಂಗಳ ಮೇಲೆ ಆಕೆ ಏನನ್ನೋ ಬೇಡಿದ್ದಳು. ಮೇಲಾಗಿ ಕೇಳಿದ್ದು ಅವನನ್ನು, ದರ್ಜಿಯನ್ನಲ್ಲ. ಅಂದಾದರೂ ಅವನು ಪರದೆಯ ಕಡೆ ನೋಡಬೇಕಿತ್ತು. ನೋಡಬೇಕೆಂದುಕೊಂಡೇ ಹೋದ. ಆದರೆ ದೀಪ ಆರಿದ ಕೂಡಲೇ ಕತ್ತು ತಾನಾಗಿ ದರ್ಜಿಯ ಕಡೆ ತಿರುಗಿತು. ತನ್ನ ಕಣ್ಣನ್ನು ನಂಬಿ ಹೇಳಿ ಇದೂ ತಪ್ಪಿದರೆ ಎಂಬ ಹೆದರಿಕೆ ಒಂದು. ಇವತ್ತೂ ದರ್ಜಿ ಏನು ಹೇಳುತ್ತಾನೋ ಅದನ್ನು ಅವನಿಗಿಂತ ಮೊದಲು ಹೇಳಬೇಕೆಂಬ ಚಟ ಇನ್ನೊಂದು.

ಮೊದಲಿಗೆ ದರ್ಜಿ ನಕ್ಕ. ಎರಡು ಮೂರು ಸಲ ಜೋರಾಗಿಯೇ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖಕ್ಕೆ ಒತ್ತಿಕೊಂಡ. ಅವನ ಹೆಗಲು ಕುಣಿಯತೊಡಗಿತು. ಬಹಳ ಹೊತ್ತು ಕುಣಿಯಿತು. ನಗು ತಡೆಯಲಾರದೆ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಾನೆ ಎಂದುಕೊಂಡ ವ್ಯಾಪಾರಿ. ಸುತ್ತಲೂ ಜನ ಮೂಗು ಎಳೆಯುತ್ತಿದ್ದರು. ಊರಲ್ಲಿ ನೆಗಡಿ ಹೆಚ್ಚಾಗಿದೆ ಎಂದುಕೊಂಡ. ಆ ಹೊತ್ತಿಗೆ ಪರದೆಯ ಮೇಲೆ ಒಂದು ಹೆಣ್ಣುಮಗು ಜ್ವರದಲ್ಲಿ ಮಲಗಿತ್ತು. ಅದರ ಹಣೆಯ ಮೇಲೆ ತಾಯಿ ಒದ್ದೆ ಬಟ್ಟೆ ಇಡುತ್ತಿದ್ದಳು. ಮಗಳನ್ನು ಕಳೆದುಕೊಂಡ ತಂದೆ ಅದರ ಮುಂದೆಯೇ ಕೂತಿದ್ದ, ಅವನಿಗೆ ಅದು ಕಾಣಲಿಲ್ಲ, ಕೇಳಲೂ ಇಲ್ಲ.

ಎಂದಿನಂತೆ ಕೊನೆಗೂ ಮೊದಲೇ ಎದ್ದು ಅವನು ಮನೆಗೆ ಓಡಿದ. ಹೋಗು, ನಕ್ಕು ನಕ್ಕು ಸಾಕಾಗುತ್ತದೆ ಎಂದು ಹೆಂಡತಿಗೆ ಹೇಳಿದ. ಆಕೆ ತಲೆ ಬಾಚಿಕೊಂಡಳು, ಒಳ್ಳೆಯ ಸೀರೆ ಉಟ್ಟಳು, ನೆರೆಮನೆಯವಳ ಕೈ ಹಿಡಿದು ಸಂಜೆಯ ಆಟಕ್ಕೆ ಹೊರಟಳು. ವ್ಯಾಪಾರಿ ಅಂಗಡಿಗೆ ಬಂದು ಕೂತ. ಅಂದಿನಷ್ಟು ಸಂತೋಷವಾಗಿ ಅವನು ಎಂದೂ ಕೂತಿರಲಿಲ್ಲ.

ದರ್ಜಿ ಅಂದು ತಡವಾಗಿ ಬಂದ. ಆಟ ಬಿಟ್ಟ ಮೇಲೆ ಕೆರೆಯ ದಂಡೆಗೆ ಹೋಗಿ ಒಬ್ಬನೇ ಕೂತು ಬಂದಿದ್ದ. ಕಣ್ಣು ಕೆಂಪಾಗಿದ್ದವು. ಜನ ಹೇಗಿದೆ ಎಂದು ಕೇಳಿದರು. ವ್ಯಾಪಾರಿ ಈಚೆಯಿಂದ ಕಿವಿಗೊಟ್ಟ.

"ಪಿಕ್ಚರ್ ಭಾಳ ಚಲೋ ಐತಿ," ಎಂದ ದರ್ಜಿ. "ಆದ್ರ ಕೂಸು ಕಳಕೊಂಡವರನ್ನ ಮಾತ್ರ ಕಳಸಬ್ಯಾಡ್ರಿ. ನನಗ ತಡಕೊಳ್ಳಾಕ ಆಗಲಿಲ್ಲ."

ವ್ಯಾಪಾರಿ ಅಂಗಡಿ ತೆರೆದಿದ್ದಂತೆಯೇ ಬಿಟ್ಟು ಓಡಿದ. ಊರವರು ಅವನು ಓಡಿದ್ದನ್ನು ಹಿಂದೆಂದೂ ಕಂಡಿರಲಿಲ್ಲ. ಟಾಕೀಸಿನ ಮುಂದಿನ ಮೆಟ್ಟಿಲ ಮೇಲೆ ಅವನ ಹೆಂಡತಿ ಕೂತಿದ್ದಳು. ನೆರೆಮನೆಯವಳು ಆಕೆಯನ್ನು ಹಿಡಿದುಕೊಂಡಿದ್ದಳು. ಒಳಗಿನಿಂದ ಚಿತ್ರದ ಮಾತು ಇನ್ನೂ ಕೇಳುತ್ತಿತ್ತು. ಹೆಂಡತಿ ಅಳುತ್ತಿರಲಿಲ್ಲ. ಗಂಡನನ್ನು ತಲೆಯೆತ್ತಿ ನೋಡಿದಳು.

"ನೋಡಿ ಬಂದು ಕಳಿಸಿದ್ರೇನು?" ಎಂದಳು.

ಹೌದೆಂದರೆ ಅವನು ಕಲ್ಲೆದೆಯವನು. ಇಲ್ಲವೆಂದರೆ ಅಷ್ಟು ದಿನ ಆಡಿದ್ದೆಲ್ಲ ಬಯಲಾಗುತ್ತದೆ. ವ್ಯಾಪಾರಿ ಆಕೆಯ ಕೆಳಗಿನ ಮೆಟ್ಟಿಲ ಮೇಲೆ ಕೂತ. "ನೋಡಲಿಲ್ಲ," ಎಂದ.

"ಮತ್ತ ಅಷ್ಟೊತ್ತು ಅಲ್ಲಿ ಕೂತು ಏನ್ ನೋಡಾಕಹತ್ತಿದ್ರಿ?"

ಅದಕ್ಕೆ ಅವನ ಹತ್ತಿರ ಉತ್ತರವಿತ್ತು.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಬಸವಂತನಿಗೆ ವ್ಯಾಪಾರಿಯ ಮೇಲೆ ಸಿಟ್ಟು ಬಂತು.

"ಎಂಥಾ ಮನಿಶ್ಯಾರೀ ಅಂವ! ನಾ ಹಂಗಲ್ರಿ ಅಜ್ಜಾರ. ನಾ ಪಿಕ್ಚರ್ ಕಣ್ಣಿಟ್ಟು ನೋಡ್ತೇನಿ," ಎಂದ.

"ಹಂಗಾದ್ರ ಹ್ವಾದ ಭಾನುವಾರದ ಪಿಕ್ಚರಿನ ಕತಿ ಹೇಳು," ಎಂದರು ಗುರುಗಳು.

ಬಸವಂತ ಬಾಯಿ ತೆರೆದ. ಗುರುಪಾದ ಎಲ್ಲಿ ನಕ್ಕ, ಯಾರು ಯಾರು ಅವನ ಪಕ್ಕಕ್ಕೆ ಸರಿದು ಕೂತರು, ಎಲ್ಲ ನೆನಪಿಗೆ ಬಂತು. ಚಿತ್ರದ ಕತೆ ಮಾತ್ರ ಬರಲಿಲ್ಲ.