ಅಜ್ಜನವರು ಕಟ್ಟದ ದಾರ

ಹಳೇಬೇವಿನಕಟ್ಟಿಯ ಮಠಕ್ಕೆ ಗೋಪುರವಿಲ್ಲ. ಮಣ್ಣಿನ ಮಾಳಿಗೆ, ಎರಡು ಅಂಕಣದ ಪಡಸಾಲೆ, ಹಿಂದೆ ಮೂಲಗುರುಗಳ ಗದ್ದುಗೆ, ಪಕ್ಕದಲ್ಲಿ ನಾಲ್ಕು ದನ ಕಟ್ಟುವ ಗೋದಲಿ ಇಷ್ಟೇ. ಪೂಜ್ಯ ಗುರುಪಾದ ಅಜ್ಜನವರು ಮೂವತ್ತೆಂಟು ವರ್ಷ ಅಲ್ಲಿ ಪೀಠದಲ್ಲಿದ್ದರೂ ಅವರು ಪೀಠದ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ಮುಂಜಾನೆಯ ಲಿಂಗಪೂಜೆ ಮುಗಿಸಿ ಪಡಸಾಲೆಯ ನೆಲದ ಮೇಲೆ ಮೊರ ಹಿಡಿದು ಕೂರುತ್ತಿದ್ದರು. ದಾಸೋಹಕ್ಕೆ ಬಂದ ತೊಗರಿಯನ್ನೋ ಜೋಳವನ್ನೋ ಹಸನು ಮಾಡುತ್ತಲೇ ಬಂದವರ ಮಾತು ಕೇಳುತ್ತಿದ್ದರು. ಉತ್ತರ ಹೇಳುತ್ತಿದ್ದುದು ಕಡಿಮೆ. ಹೇಳಿದ್ದು ಮರೆಯುವಂತಿರುತ್ತಿರಲಿಲ್ಲ.

ಅವರ ಮಹಿಮೆಯನ್ನು ಹಲವರು ಹಲವು ಬಗೆಯಾಗಿ ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದು ಒಂದು. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಆ ಮಠದಲ್ಲಿ ಮೂರು ತಲೆಮಾರಿನಿಂದ ಬಂದ ಕಟ್ಟಳೆಯೊಂದಿತ್ತು. ಕುಡಿತಕ್ಕೆ, ಜೂಜಿಗೆ ಬಿದ್ದವನು ತಲೆಯ ಮೇಲೆ ನೀರು ಹೊಯ್ದುಕೊಂಡು ಒದ್ದೆ ಬಟ್ಟೆಯಲ್ಲೇ ಗದ್ದುಗೆ ಮುಟ್ಟಿ ಆಣೆ ಮಾಡಬೇಕು. ಸ್ವಾಮಿಗಳು ಅವನ ಬಲಗೈಗೆ ವಿಭೂತಿ ಹಚ್ಚಿದ ಮೂರೆಳೆಯ ಬಿಳಿ ದಾರ ಕಟ್ಟುತ್ತಾರೆ. ಕಟ್ಟಿದ ಮೇಲೆ ಮನೆಯವರು ಹಿಂದಿನದನ್ನು ಎತ್ತುವಂತಿಲ್ಲ. ಹೆಂಡತಿ ತವರಿಗೆ ಹೋಗಿದ್ದರೆ ಐದು ದಿನದೊಳಗೆ ತವರಿನವರೇ ಕರೆತಂದು ಬಿಡಬೇಕು. ಇದರಿಂದ ಎಷ್ಟೋ ಮನೆಗಳು ಉಳಿದದ್ದು ನಿಜ.

ನನ್ನ ತಂಗಿ ಸಾವಂತ್ರೆವ್ವನ ಗಂಡ ಮುರಿಗೆಪ್ಪ ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ. ಕುಪ್ಪಸದ ಖಣದ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತನಾಗಿದ್ದ. ಮೆಲುಮಾತಿನವನು, ಹಿರಿಯರ ಎದುರು ಕೂರದವನು. ಬಟ್ಟೆಯ ಗಂಟು ತೆಗೆದುಕೊಂಡು ವಾರಕ್ಕೊಮ್ಮೆ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗುತ್ತಿದ್ದ. ಹೋದಲ್ಲೆಲ್ಲ ಹೆಣ್ಣು ಹುಡುಕುತ್ತಿದ್ದ. ಬರುಬರುತ್ತ ಊರು ದಾಟುವುದೂ ಬೇಕಾಗಲಿಲ್ಲ. ಕೆಲಸದ ನಡುವೆ ಎದ್ದು ಹೋಗುತ್ತಿದ್ದ. ಎರಡು ದಿನ ನಾಪತ್ತೆಯಾದಾಗ ವ್ಯಾಪಾರಿ ಅವನನ್ನು ಕೆಲಸದಿಂದ ಬಿಡಿಸಿದರು. ಅವನ ತಂದೆ ಸತ್ತ ಹೊತ್ತಿಗೂ ಅವನನ್ನು ಹುಡುಕಿ ತರಬೇಕಾಯಿತು. ಸಾವಂತ್ರೆವ್ವನಿಗೆ ಗುಪ್ತರೋಗ ತಗುಲಿ, ಹೊತ್ತ ಬಸಿರು ಐದನೆಯ ತಿಂಗಳಿಗೆ ಇಳಿಯಿತು. ಮತ್ತೆ ನಿಲ್ಲಲಿಲ್ಲ. ಅವನ ಚಾಳಿ ಮದುವೆಗೆ ಮೊದಲೇ ಇತ್ತು, ಮದುವೆ ಮಾಡಿದರೆ ಹೋಗುತ್ತದೆಂದು ಅವನ ತಾಯಿ ಗಂಗವ್ವ ನಂಬಿದ್ದರು.

ಹನ್ನೊಂದು ವರ್ಷದಲ್ಲಿ ಮುರಿಗೆಪ್ಪ ನಾಲ್ಕು ಸಲ ಗದ್ದುಗೆ ಮುಟ್ಟಿದ. ನಾಲ್ಕು ಸಲವೂ ಅಜ್ಜನವರೇ ದಾರ ಕಟ್ಟಿದರು. ನಾಲ್ಕು ಸಲವೂ ತಂಗಿಯನ್ನು ಕರೆದೊಯ್ದು ಬಿಟ್ಟುಬಂದವನು ನಾನು.

ಐದನೆಯ ಸಲ ಬಂದದ್ದು ಒಂದು ಸೋಮವಾರ ಮುಂಜಾನೆ. ಗಂಗವ್ವ ಮಗನಿಗೆ ನೀರು ಹೊಯ್ಯಿಸಿ ಒದ್ದೆ ಧೋತರದಲ್ಲಿ ಪಡಸಾಲೆಗೆ ತಂದು ನಿಲ್ಲಿಸಿದ್ದರು. ಸಾವಂತ್ರೆವ್ವ ನನ್ನ ಮನೆಗೆ ಬಂದು ಎರಡು ತಿಂಗಳಾಗಿತ್ತು. ದಾರ ಕಟ್ಟುವಾಗ ಹೆಂಡತಿ ಮಠದಲ್ಲಿರಬೇಕು, ಆದರೆ ಒಳಗೆ ಬರಬಾರದು. ಅವಳು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಒಳಗೆ ಹೋದೆ. ಆ ದಿನ ಅಜ್ಜನವರ ಮೇಲೂ ನನಗೆ ಸಿಟ್ಟಿತ್ತು. ಇವನಿಗೆ ಶಾಪ ಹಾಕಲಿ, ಇಲ್ಲವೇ ದಾರದಲ್ಲಿ ಏನೂ ಇಲ್ಲವೆಂದು ಒಪ್ಪಿಕೊಳ್ಳಲಿ ಎಂದುಕೊಂಡಿದ್ದೆ.

ಅಜ್ಜನವರು ತೊಗರಿ ಹಸನು ಮಾಡುತ್ತಿದ್ದರು. ಗಂಗವ್ವ ನೆಲ ಮುಟ್ಟಿ ನಮಸ್ಕರಿಸಿ, "ಇದೊಂದ ಸಲ ಕಟ್ಟಿಬಿಡ್ರಿ ಅಜ್ಜಾರ. ಗಂಡಸಂದ ಮ್ಯಾಲ ಒಂದೀಟು ಹಂಗ ಹಿಂಗ ಇರತಾವು. ಹೆಂಡ್ತಿ ಮನ್ಯಾಗಿದ್ರ ತಾನ ಹಾದಿಗೆ ಬರತಾನ" ಎಂದರು.

"ನಾಕು ದಾರಾ ಆಗ್ಯಾವ" ಎಂದೆ ನಾನು. "ಇನ್ನೊಂದು ಕೂಡಿಸಿ ಹಗ್ಗಾ ಹೊಸೆದ್ರ ಎಮ್ಮಿ ಕಟ್ಟಾಕ ಬರತೈತಿ."

"ಮಾಸ್ತರ, ನೀವು ನಾಕು ಅಕ್ಷರ ಕಲ್ತವರು, ಹಂಗ ಅಂತೀರಿ. ನಿಮ್ಮ ತಂಗಿ ಮಾರಿ ಗಂಟು ಹಾಕ್ಕೊಂಡು ತಿರಗಲಿಲ್ಲಂದ್ರ ನಮ್ಮ ಹುಡುಗ ಹೊರಗ ಯಾಕ ಹೊಕ್ಕಿದ್ದ?"

"ಮದವಿಗಿಂತ ಮೊದಲ ಹೋಗತಿದ್ನಲ್ಲ, ಆವಾಗ ಯಾರು ಮಾರಿ ಗಂಟು ಹಾಕ್ಕೊಂಡಿದ್ರು? ನೀವೇನು?"

ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಮಠದಲ್ಲಿ ಆಡುವ ಮಾತಲ್ಲವೆಂದು ನನಗೂ ತಿಳಿದಿತ್ತು. ಅಜ್ಜನವರು ನಮ್ಮಿಬ್ಬರನ್ನೂ ನೋಡಲಿಲ್ಲ. ತೊಗರಿ ಹಸನು ಮಾಡುತ್ತಲೇ ಕೇಳಿದರು:

"ಮುರಿಗೆಪ್ಪಾ, ಹೋಗಬೇಕಾದ್ರ ಮನಸಿನ್ಯಾಗ ಏನಿರತೈತಿ?"

ಹನ್ನೊಂದು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಯಾಕೆ ಹೋದೆ, ಎಲ್ಲಿ ಹೋದೆ, ನಾಚಿಕೆಯಿಲ್ಲವೇ ಎಂದೇ ಎಲ್ಲರೂ ಕೇಳಿದ್ದು. ಧೋತರದ ನೀರು ಅವನ ಕಾಲ ಸುತ್ತ ನೆಲದ ಮೇಲೆ ಹರಡಿತು.

"ಏನೂ ಇರೂದಿಲ್ರಿ" ಎಂದ. "ಮುಂಜಾನಿ ಎದ್ದಾಗ ಇವತ್ತ ಹೋಗೂದಿಲ್ಲ ಅಂತಿರತೀನ್ರಿ. ಮಧ್ಯಾಹ್ನದ ಹೊತ್ತಿಗೆ ಮೈಯಾಗ ಏನೋ ಕುದಿಯಾಕ ಹತ್ತತೈತಿ. ಲೆಕ್ಕ ಬರಿಯಾಕ ಆಗೂದಿಲ್ಲ, ಉಣ್ಣಾಕ ಆಗೂದಿಲ್ಲ. ಹೋಗಿ ಬಂದ್ರ ಕುದಿ ನಿಂದರತೈತಿ ಅನಸ್ತೈತಿ. ಒಂದೊಂದ ಸಲ ಹಾದಿ ತುಂಬ ಅಳಕೊಂತ ಹೋಗೀನ್ರಿ. ಕಾಲು ಮಾತ್ರ ನಿಲ್ಲೂದಿಲ್ಲ."

"ಖುಷಿ ಆಗತೈತಿ?"

"ಮೊದಮೊದಲ ಆಗತಿತ್ರಿ. ಈಗ ಎಷ್ಟೋ ವರ್ಷ ಆತು, ಇಲ್ಲ. ಬಂದ ಮ್ಯಾಲ ಮೈ ತಿಕ್ಕಿ ತಿಕ್ಕಿ ಜಳಕಾ ಮಾಡತೀನ್ರಿ."

"ದಾರಾ ಕಟ್ಟಿದ ದಿನ?"

ಮುರಿಗೆಪ್ಪನ ಮುಖ ಅರಳಿತು. "ಆವತ್ತ ಭಾಳ ಹಗುರ ಆಗತೈತ್ರಿ ಅಜ್ಜಾರ. ಎಲ್ಲಾ ತೊಳದು ಹ್ವಾದಂಗ. ಹೊಸದಾಗಿ ಹುಟ್ಟಿದಂಗ."

"ಎಷ್ಟ ದಿನ ತಡೀತಿ?"

"ಮೊದಲನೇ ಸಲ ಏಳು ತಿಂಗಳು. ಎರಡನೇದು ಮೂರು. ಆಮ್ಯಾಲ ಒಂದು. ಹ್ವಾದ ಸಲ ಹದಿನೆಂಟು ದಿನ."

ಅಜ್ಜನವರ ಕೈ ನಿಂತಿತು. ಕೆಲಸದ ನಡುವೆ ಅವರ ಕೈ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಹಂಗಾರ ದಾರಾನೂ ಈ ಬ್ಯಾನಿದೊಂದು ಭಾಗ ಆತು" ಎಂದರು, ಯಾರಿಗೂ ಅಲ್ಲವೆಂಬಂತೆ. "ಕುದಿಯೋದು, ಹೋಗೋದು, ಅಳೋದು, ಹಗುರಾಗೋದು. ಆ ಹಗುರ ಮಾಡಿದಾವ ನಾನು."

ಆಮೇಲೆ, "ಆ ಹೆಣ್ಣಮಗಳು ಎಲ್ಲಿ? ಒಳಗ ಕರೀರಿ" ಎಂದರು.

ಗಂಗವ್ವ ಗಾಬರಿಯಾದರು. "ಕಟ್ಟೂ ಮುಂದ ಹೆಂಡ್ತಿ ಒಳಗ ಬರಬಾರದ್ರಿ ಅಜ್ಜಾರ."

"ನಾ ಏನು ಕಟ್ಟಾಕತ್ತೀನಿ?"

ಸಾವಂತ್ರೆವ್ವ ಬಂದು ಕಂಬದ ಬಳಿ ನಿಂತಳು. ಮೊದಲೇ ತೆಳ್ಳಗಿದ್ದವಳು, ಆಗ ಹೊಟ್ಟೆನೋವಿನಿಂದ ಇನ್ನೂ ಸವೆದಿದ್ದಳು. ಅಜ್ಜನವರು, "ನಿನ್ನ ಮಾತು ಏನೈತವ್ವಾ? ನಾಕು ಸಲ ನಾ ಕೇಳಲಿಲ್ಲ" ಎಂದರು.

ಅವಳು ನನ್ನನ್ನಾಗಲಿ ಗಂಡನನ್ನಾಗಲಿ ನೋಡಲಿಲ್ಲ. "ಅವರು ಹೋದಾಗ ನಾ ಒಬ್ಬಾಕಿ ಇರತಿದ್ದೆ, ಅದನ್ನ ತಡಕೊಂಡೆ. ರೋಗ ಬಂತು, ಕೂಸು ಹ್ವಾತು, ತಡಕೊಂಡೆ" ಎಂದಳು. "ದಾರಾ ಕಟ್ಟಿದ ದಿನ ಮಾತ್ರ ತಡಕೊಳ್ಳಾಕ ಆಗತಿರಲಿಲ್ಲ. ಆವತ್ತ ಮನ್ಯಾಗ ಹೋಳಿಗಿ ಮಾಡತಿದ್ರು. ನಾ ನಗಬೇಕಾಗತಿತ್ತು. ನನಗ ಆಗಿದ್ದೆಲ್ಲಾ ಆಗೇ ಇಲ್ಲ ಅಂತ ಇರಬೇಕಾಗತಿತ್ತು."

ಮತ್ತೆ ಹೇಳಿದಳು: "ಮೂರನೇ ದಾರದ ಹೊತ್ತಿಗೆ ಹೊಟ್ಟಿನೋವು ಹೆಚ್ಚಾಗಿತ್ರಿ. ದವಾಖಾನಿಗೆ ಹೊಕ್ಕೀನಿ ಅಂದೆ. ದಾರಾ ಕಟ್ಟಿಸಿಕೊಂಡ ಮ್ಯಾಲ ಆ ರೋಗದ ಹೆಸರು ಹೇಳಿಕೊಂಡು ಹ್ವಾದ್ರ ಗದ್ದಿಗಿ ಮ್ಯಾಲ ಸಂಶೆ ಪಟ್ಟಂಗ, ಊರಾಗ ಮಾತಾಗತೈತಿ ಅಂದ್ರು. ಅದಕ್ಕ ಹೋಗಲಿಲ್ಲ."

"ಯಾರು ಅಂದ್ರು?"

ಗಂಗವ್ವ, "ನಾ ಅಂದಿಲ್ರಿ, ಗದ್ದಿಗಿ ಆಣಿ" ಎಂದರು. ಅವರು ಹೇಳಿದ್ದು ಸತ್ಯ.

ಅಂದವನು ನಾನು. ಅವಳನ್ನು ಗಂಡನ ಮನೆಗೆ ಬಿಡಲು ಹೋಗುವ ಎತ್ತಿನ ಗಾಡಿಯಲ್ಲಿ, ತಿಳಿಸಿ ಹೇಳುವ ದನಿಯಲ್ಲಿ, ಮಕ್ಕಳಿಗೆ ಪಾಠ ಹೇಳಿದಂತೆ ಹೇಳಿದ್ದೆ. "ನಾನ್ರಿ" ಎಂದೆ. ಅಜ್ಜನವರು ನನ್ನ ಕಡೆ ತಿರುಗಿ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವರು ಮೊರ ಕೆಳಗಿಟ್ಟು ಎದ್ದರು. ಎಪ್ಪತ್ತು ದಾಟಿದ ದೇಹ. ಕಂಬ ಹಿಡಿದೇ ಎದ್ದರು. ಸಾವಂತ್ರೆವ್ವನ ಮುಂದೆ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ಪೀಠದಲ್ಲಿದ್ದವರು ಭಕ್ತರಿಗೆ, ಅದರಲ್ಲೂ ಹೆಣ್ಣುಮಗಳಿಗೆ, ಬಾಗಿದ್ದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಹಿಂದೆ ಸರಿಯಲು ಹೋಗಿ ಕಂಬಕ್ಕೆ ತಾಗಿ ನಿಂತಳು.

"ನನ್ನ ಕೈ ತಪ್ಪು ಮಾಡೇತವ್ವಾ" ಎಂದರು ಅಜ್ಜನವರು. ಅವಳಿಂದ ಕ್ಷಮೆಯ ಮಾತಿಗಾಗಿ ಕಾಯಲಿಲ್ಲ. ಎದ್ದು ಮುರಿಗೆಪ್ಪನ ಕಡೆ ತಿರುಗಿದರು.

"ನೀ ಪಾಪಿ ಅಂತ ನಾ ಅನ್ನೂದಿಲ್ಲ. ಬ್ಯಾನಿ ಬಿದ್ದಾವ. ಬ್ಯಾನಿಗೆ ಡಾಕ್ಟರ್ ಅದಾರ, ನಾ ಕೂಡ ಬರತೀನಿ. ಆದ್ರ ಈಕಿ ನಿನ್ನ ಔಷಧ ಅಲ್ಲ."

ಮುರಿಗೆಪ್ಪ ಬಲಗೈಯನ್ನು ಚಾಚಿಯೇ ನಿಂತಿದ್ದ. "ಒಂದ ದಾರಾ ಕಟ್ರಿ ಅಜ್ಜಾರ" ಎಂದು ಬೇಡಿದ. ಅಜ್ಜನವರು ಆ ಕೈಯನ್ನು ಹಿಡಿದು ಕೆಳಗಿಳಿಸಿದರು.

ಅಂದಿನಿಂದ ಮಠದ ಕಟ್ಟಳೆ ಬದಲಾಯಿತು. ಆಣೆ ಮಾಡಲು ಬಂದವರಿಗೆ ಅಜ್ಜನವರು, "ಮೊದಲ ಮನಿಯಾಕಿನ್ನ ಕರಕೊಂಡು ಬಾ. ಆಕಿ ಮಾತು ಮುಗೀಲಿ" ಎನ್ನುತ್ತಿದ್ದರು. ಹಲವರು ತಿರುಗಿ ಬರಲಿಲ್ಲ. ಮಠಕ್ಕೆ ಬರುವ ಕಾಳಿನ ಚೀಲಗಳೂ ಕಡಿಮೆಯಾದವು.

ಮುರಿಗೆಪ್ಪನನ್ನು ಅವರು ಪಟ್ಟಣದ ಮನೋವೈದ್ಯರ ಬಳಿಗೆ ತಾವೇ ಕರೆದೊಯ್ದರು. ತಿಂಗಳಿಗೊಮ್ಮೆ, ಮೂರು ವರ್ಷ, ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಅವನ ಪಕ್ಕ ಕುಳಿತು ಹೋಗುತ್ತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕಾವಿ ಬಟ್ಟೆಯವರನ್ನು ಕಂಡವರು ಅಜ್ಜನವರಿಗೇ ತಲೆ ಕೆಟ್ಟಿದೆಯೆಂದು ಊರಲ್ಲಿ ಆಡಿಕೊಂಡರು. ಅವರು ಅಲ್ಲಗಳೆಯಲಿಲ್ಲ. ಮುರಿಗೆಪ್ಪ ಪೂರ್ತಿ ಗುಣವಾದನೆಂದು ನಾನು ಬರೆಯಲಾರೆ. ತಿಂಗಳುಗಟ್ಟಲೆ ನೆಟ್ಟಗಿರುತ್ತಿದ್ದ, ಒಮ್ಮೊಮ್ಮೆ ಜಾರುತ್ತಿದ್ದ. ಜಾರಿದರೆ ಆಣೆ ಮಾಡದೆ, ಅಳದೆ, ಬಂದು ಹೇಳುತ್ತಿದ್ದ. ಮಠದ ದನಗಳನ್ನು ನೋಡಿಕೊಂಡು ಅಲ್ಲೇ ಉಳಿದ. ನಾನು ಅವನನ್ನು ಕ್ಷಮಿಸಿದೆನೆಂದೂ ಬರೆಯಲಾರೆ. ಎದುರಾದಾಗ ಅವನು ದಾರಿ ಬಿಟ್ಟು ನಿಲ್ಲುತ್ತಿದ್ದ, ನಾನು ಹಾದು ಹೋಗುತ್ತಿದ್ದೆ.

ಸಾವಂತ್ರೆವ್ವನನ್ನು ಮಠದಿಂದ ಬಂದ ಮರುದಿನವೇ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದ ಡಾಕ್ಟರಮ್ಮ ಕಾಗದ ನೋಡುತ್ತ, "ಎರಡು ಮೂರು ವರ್ಷ ಮೊದಲೇ ಯಾಕೆ ತರಲಿಲ್ಲ?" ಎಂದು ಕೇಳಿದರು. ಅವಳು ನನಗಿಂತ ಮೊದಲೇ, "ದೂರ ಆಗತಿತ್ರಿ" ಎಂದಳು. ಆಮೇಲೆ ಆರು ವರ್ಷ ಬದುಕಿದಳು. ಅದರಲ್ಲಿ ನಾಲ್ಕು ವರ್ಷ ಚೆನ್ನಾಗಿದ್ದಳು. ಹೊಲಿಗೆ ಕಲಿತಳು. ಊಟಕ್ಕೆ ಕುಳಿತಾಗ ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದಳು.

ಅಜ್ಜನವರು ಲಿಂಗೈಕ್ಯರಾದ ಮೇಲೆ ಭಕ್ತರು ಅವರ ಪವಾಡಗಳನ್ನು ಕೂಡಿಸಿ ಬರೆಯುತ್ತಿದ್ದಾರೆ. ನನ್ನನ್ನೂ ಕೇಳಿದರು. ಪವಾಡವೆಂದು ನನಗೆ ಗೊತ್ತಿರುವುದು ನನ್ನ ಮನೆಯ ಹೊಸ್ತಿಲ ಮೇಲೆ ನಡೆದದ್ದು, ಅದೂ ಅಜ್ಜನವರು ಇಲ್ಲದ ಹೊತ್ತಿನಲ್ಲಿ.

ದಾರ ಕಟ್ಟದೆ ಹೋದ ದಿನದಿಂದ ಮೂರನೆಯ ವಾರ ಗಂಗವ್ವನ ಕಡೆಯ ಹಿರಿಯರು ಐದು ಮಂದಿ ಸಾವಂತ್ರೆವ್ವನನ್ನು ಕರೆದೊಯ್ಯಲು ಬಂದರು. ಇಂಥ ಹೊತ್ತಿನಲ್ಲಿ ಹೆಣ್ಣಿನ ತವರಿನ ಗಂಡಸು ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕು, ಅದು ನಮ್ಮಲ್ಲಿಯ ರೀತಿ. ಅವರಲ್ಲಿ ಹಿರಿಯರಾದವರು, "ಏನ್ರಿ ಮಾಸ್ತರ, ಅಜ್ಜಾರಿಗೆ ವಯಸ್ಸಾಗೇತಿ, ಏನೋ ಅಂದಿರತಾರ. ನೀವು ತಿಳದವರು. ಯಾವತ್ತ ಕಳಸ್ತೀರಿ?" ಎಂದರು.

ನನ್ನ ಬಾಯಿಗೆ ಉತ್ತರ ಬಂದಿತ್ತು. ಒಳ್ಳೆಯ ಉತ್ತರವೇ. ಅವಳ ಪರವಾಗಿಯೇ ಇತ್ತು. ಅದನ್ನು ನುಂಗಿಕೊಂಡು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ.

"ಆಕಿನ್ನ ಕೇಳ್ರಿ" ಎಂದೆ.

ಯಾರೂ ಕೇಳಲಿಲ್ಲ. ಹಾಗೆ ಕೇಳಿ ಅವರಿಗೆ ರೂಢಿಯಿರಲಿಲ್ಲ. ಒಳಗೆ ಒಲೆಯ ಮುಂದಿನಿಂದ ಅವಳೇ ಹೇಳಿದಳು, ರೊಟ್ಟಿ ತಟ್ಟುವುದನ್ನು ನಿಲ್ಲಿಸಿ:

"ಬರೂದಿಲ್ಲ."

ಐದು ಮಂದಿಯೂ ನನ್ನ ಮುಖ ನೋಡಿದರು, ನಾನು ಅದನ್ನು ತಿದ್ದಿ ಬೇರೆ ಏನಾದರೂ ಹೇಳುತ್ತೇನೆಂಬಂತೆ. ಒಳಗೆ ಮತ್ತೆ ರೊಟ್ಟಿ ತಟ್ಟುವ ಸಪ್ಪಳ ಶುರುವಾಯಿತು.

"ಕೇಳಸ್ತಲ್ರಿ" ಎಂದೆ.