ತಲೆಗೆಣ್ಣೆ

ಚಿತ್ರದುರ್ಗದ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಓಬಳೇಶ ಎಂಬ ಮೆಕ್ಯಾನಿಕ್ ಇದ್ದ. ಹಳೇ ಕಾಲದ ಮೋಟರ್ ಸೈಕಲ್ಲುಗಳೆಂದರೆ ಅವನಿಗೆ ಪ್ರಾಣ. ಕೆಲಸದಲ್ಲಿ ಪಳಗಿದ ಕೈ. ಆದರೆ ಯಾರಾದರೂ ಹೊಗಳಿದರೆ ಬೆಣ್ಣೆಯಂತೆ ಕರಗಿಬಿಡುವ ಮನುಷ್ಯ.

ಅವನ ಅಣ್ಣ ಪಾಲಯ್ಯ ತೀರಿಕೊಂಡಾಗ ಬಿಟ್ಟುಹೋದದ್ದು ಒಬ್ಬ ಮಗಳನ್ನು, ಒಂದು ಹಳೇ ಗಾಡಿಯನ್ನು. ಮಗಳ ಹೆಸರು ನಾಗವೇಣಿ. ಅವಳು ಚಿಕ್ಕವಳಿದ್ದಾಗ ಪಾಲಯ್ಯ ಆ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಈಗ ಅವಳ ಮದುವೆ ಗೊತ್ತಾಗಿತ್ತು.

"ಚಿಕ್ಕಪ್ಪ, ನನಗೆ ಕಾರು ಗೀರು ಏನೂ ಬೇಡ," ಎಂದಳು ಅವಳು. "ಅಪ್ಪ ಅಂತೂ ಇಲ್ಲ. ಅಪ್ಪನ ಗಾಡಿಯಾದ್ರೂ ನನ್ನನ್ನ ಕಲ್ಯಾಣ ಮಂಟಪಕ್ಕೆ ಬಿಡಲಿ. ನಾನೇ ಓಡಿಸ್ತೀನಿ."

"ಸೀರೆ ಉಟ್ಕೊಂಡಾ?"

"ಅಪ್ಪ ಪಂಚೆ ಉಟ್ಕೊಂಡು ಓಡಿಸ್ತಿರಲಿಲ್ವಾ?"

ಓಬಳೇಶ ಕಣ್ಣೊರೆಸಿಕೊಂಡು ಗಾಡಿಯನ್ನು ಗ್ಯಾರೇಜಿಗೆ ತಂದ.

ಗಾಡಿ ಗಟ್ಟಿಯಾಗಿಯೇ ಇತ್ತು. ಒಂದೇ ತೊಂದರೆ, ಸದ್ದು. ಸ್ಟಾರ್ಟ್ ಮಾಡಿದರೆ ಎಂಜಿನ್ನಿನ ತಲೆ, ಅಂದರೆ ಮೇಲಿನ ಹೆಡ್ಡು, ಟಕಟಕ ಎಂದು ಊರಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಎದುರಿನ ಟೀ ಅಂಗಡಿಯ ರುದ್ರಮುನಿ ಲೋಟ ತೊಳೆಯುತ್ತಲೇ ಕೂಗಿದ: "ಏನೋ ಓಬಳೇಶ, ಮದುಮಗಳಿಗೆ ಗಾಡಿ ಕೊಡ್ತೀಯೋ, ಹೊಲಿಗೆ ಮಿಷನ್ನೋ?"

ಆ ಮಾತು ಓಬಳೇಶನಿಗೆ ಚುಚ್ಚಿತು.

ಆ ಕಾಲದ ಎಂಜಿನ್ನನ್ನು ಮಾಡಿದವರು ಒಂದು ಕ್ರಮ ಇಟ್ಟಿದ್ದರು. ಪಂಪು ಎಣ್ಣೆಯನ್ನು ಮೊದಲು ತಳಕ್ಕೆ, ತಿರುಗುವ ಕ್ರ್ಯಾಂಕನ್ನು ಹೊತ್ತ ಬೇರಿಂಗಿಗೆ ತಳ್ಳುತ್ತದೆ. ಗಾಡಿಯ ಅಷ್ಟೂ ಹೊಡೆತ ತಿನ್ನುವುದು ಆ ಬೇರಿಂಗು. ಅದು ಹೊರಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಕೆಲಸ ಮುಗಿಸಿ ವಾಪಸು ಬರುವ ಎಣ್ಣೆಯಲ್ಲಿ ಒಂದಿಷ್ಟು, ಕಡ್ಡಿಯಷ್ಟು ತೆಳು ಪೈಪಿನಲ್ಲಿ ಮೇಲಿನ ಹೆಡ್ಡಿಗೆ ಹೋಗುತ್ತದೆ. ಹೆಡ್ಡಿಗೆ ಅಷ್ಟು ಸಾಕು. ಸಾಕು ಎಂದು ಅದು ಒಪ್ಪುವುದಿಲ್ಲ, ಸದಾ ಬಡಿದುಕೊಳ್ಳುತ್ತಲೇ ಇರುತ್ತದೆ.

ಓಬಳೇಶನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವನು ಕ್ರಮ ತಿರುಗಿಸಿದ. ಬೇರಿಂಗಿಗೆ ಹೋಗುತ್ತಿದ್ದ ಎಣ್ಣೆಯ ದಾರಿಯನ್ನೇ ನಡುವೆ ಕೊರೆದು, ಅಲ್ಲಿಂದ ಬೆರಳು ಗಾತ್ರದ ತಾಮ್ರದ ಪೈಪು ಎಳೆದು ಹೆಡ್ಡಿಗೆ ಕೂರಿಸಿದ. ಹುಣಸೆಹಣ್ಣು ಹಚ್ಚಿ ಉಜ್ಜಿದ. ಪೈಪು ಬಿಸಿಲಿಗೆ ಥಳಥಳ ಹೊಳೆಯಿತು. ಅಗಲವಾದ ದಾರಿ ಸಿಕ್ಕ ಎಣ್ಣೆ ಮೇಲಕ್ಕೇ ನುಗ್ಗಿತು, ಬೇರಿಂಗಿಗೆ ಹನಿಯಷ್ಟೇ ಉಳಿಯಿತು. ಟಕಟಕ ನಿಂತುಹೋಯಿತು.

"ಏನ್ ಮಾಡ್ದೆ ಮಾರಾಯ?" ಎಂದು ರುದ್ರಮುನಿ ಓಡಿಬಂದ.

"ತಲೆಗೆಣ್ಣೆ ಹಾಕ್ದೆ," ಎಂದ ಓಬಳೇಶ ಮೀಸೆಯಡಿ ನಗುತ್ತ. "ತಂಪಾಯ್ತು, ಸುಮ್ನಾಯ್ತು."

ಪೇಟೆಯ ತುಂಬ ಅದೇ ಮಾತಾಯಿತು. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಬಂದು ತಾಮ್ರದ ಪೈಪು ಮುಟ್ಟಿ ನೋಡಿದರು. ನಮ್ಮ ಗಾಡಿಗೂ ತಲೆಗೆಣ್ಣೆ ಹಾಕಿಕೊಡು ಎಂದು ಗಂಟುಬಿದ್ದರು. ಮದುವೆ ಮುಗಿಯಲಿ, ಎಲ್ಲರಿಗೂ ಹಾಕುತ್ತೇನೆ ಎಂದು ಓಬಳೇಶ ಮಾತು ಕೊಟ್ಟ.

ನಾಗವೇಣಿ ದಿನಾ ಸಂಜೆ ಗಾಡಿ ಓಡಿಸಿ ಕೈ ಪಳಗಿಸಿಕೊಳ್ಳುತ್ತಿದ್ದಳು. ಮದುವೆ ಹತ್ತಿರವಾದಾಗ ಒಂದು ಸಂಜೆ ಊರಾಚೆಯ ಹಳೇ ಕೋಟೆಯ ಏರು ಹತ್ತಿ ಬಂದವಳು, "ಚಿಕ್ಕಪ್ಪ, ಕೆಳಗಿಂದ ಏನೋ ಡುಬ್ ಡುಬ್ ಅಂತಿದೆ," ಎಂದಳು.

"ಅದು ಮೊದಲೂ ಇತ್ತು ಕಣವ್ವ. ಮೇಲಿನ ಗಲಾಟೆ ನಿಂತಿದ್ದಕ್ಕೆ ಈಗ ಕಿವಿಗೆ ಬೀಳ್ತಿದೆ."

ಹೇಳಿದ ಮಾತು ಅವನಿಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಹೊಳೆಯುವ ಪೈಪನ್ನು ಇನ್ನೊಮ್ಮೆ ಒರೆಸಿ ಸುಮ್ಮನಾದ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಎಣ್ಣೆ ಶಾಸ್ತ್ರ. ನಾಗವೇಣಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಮುತ್ತೈದೆಯರು ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಪಾದಕ್ಕೆ, ಮಂಡಿಗೆ, ಭುಜಕ್ಕೆ, ಆಮೇಲೆ ನೆತ್ತಿಗೆ ಮುಟ್ಟಿಸುತ್ತಿದ್ದರು. ಓಬಳೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೆಂಟರ ಪೈಕಿ ಒಬ್ಬಳು ಬಂದವಳೇ ಫೋನಿನ ಕಡೆ ನಗುತ್ತ ಗರಿಕೆಯನ್ನು ನೇರ ನೆತ್ತಿಗೆ ಒಯ್ದಳು.

ಓಬಳೇಶನ ತಾಯಿ ಬೋರಮ್ಮ ಪಟ್ಟನೆ ಅವಳ ಕೈ ಹಿಡಿದಳು. "ಏ, ತಡಿಯೇ! ಪಾದ ಬಿಟ್ಟು ನೆತ್ತಿಗೆ ಹೋದ್ಯಲ್ಲ?"

"ಫೋಟೋದಲ್ಲಿ ಪಾದ ಬರಲ್ಲ ಅಜ್ಜಿ."

"ಬರದಿದ್ರೆ ಪಾದ ಇಲ್ಲ ಅಂತೇನೇ? ನಾಳೆ ಹೊತ್ತಾರೆಯಿಂದ ಸಂಜೆವರ್ಗೂ ಇವಳನ್ನ ಹೊತ್ಕೊಂಡು ನಿಲ್ಲೋದು ಯಾವ್ದು, ತಲೆನಾ? ಮೊದ್ಲು ಕಾಲಿಗೆ ಮುಟ್ಸು. ತಲೆಗೆ ಆಮೇಲೂ ಸಿಗುತ್ತೆ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಓಬಳೇಶ ನಗಲಿಲ್ಲ. ಡುಬ್ ಡುಬ್ ಎಂಬ ಸದ್ದು ಅವನ ಎದೆಯಲ್ಲೇ ಕೇಳಿಸಿತು. ಚಪ್ಪಲಿಯನ್ನೂ ಮೆಟ್ಟದೆ ಗ್ಯಾರೇಜಿಗೆ ಓಡಿದ.

ಎಂಜಿನ್ನಿನ ತಳದ ಬೋಲ್ಟು ಬಿಚ್ಚಿ ಎಣ್ಣೆಯನ್ನು ಅಂಗೈಗೆ ಹಿಡಿದ. ಎಣ್ಣೆಯಲ್ಲಿ ಬೆಳ್ಳಿಪುಡಿ ಉದುರಿಸಿದಂತೆ ಮಿಣಮಿಣ. ಅದು ಬೇರಿಂಗಿನ ಪುಡಿ. ಎಣ್ಣೆ ಸಿಗದೆ ಒಣಗಿ, ಉರಿದು, ತನ್ನನ್ನೇ ಸವೆಸಿಕೊಂಡು ಅದು ಇಷ್ಟು ದಿನ ಗಾಡಿ ಎಳೆದಿತ್ತು.

ಹಿಂದಿನಿಂದ ರುದ್ರಮುನಿ ಇಣುಕಿದ. "ಅದನ್ನ ಚೆಲ್ಲಿ ಹೊಸಾ ಎಣ್ಣೆ ಹುಯ್ಯೋ. ಮಂಟಪ ಇಲ್ಲೇ ಅಲ್ವಾ? ನಾಳೆ ಒಂದಿನ ಓಡಿದ್ರೆ ಸಾಕು. ಯಾರಿಗೆ ಗೊತ್ತಾಗುತ್ತೆ?"

ಓಡಲೂಬಹುದಿತ್ತು. ಓಡದೆ ನಡುದಾರಿಯಲ್ಲಿ ಎಂಜಿನ್ ಬಿಗಿದುಕೊಂಡರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೇಲೆ ಕೂತವಳು ಹಾರಿ ಬೀಳುತ್ತಾಳೆ. ಮೇಲೆ ಕೂರುವವಳು ಅಣ್ಣನ ಮಗಳು.

ಓಬಳೇಶ ಅಂಗೈ ಒರೆಸಿಕೊಳ್ಳಲಿಲ್ಲ. ಹಾಗೇ ಮನೆಗೆ ಹೋಗಿ, ಮಣೆಯಿಂದ ಎದ್ದಿದ್ದ ನಾಗವೇಣಿಯ ಮುಂದೆ ಕೈ ಚಾಚಿದ.

"ನಿಮ್ಮಪ್ಪನ ಗಾಡಿ ಕೊಂದುಬಿಟ್ಟೆ ಕಣವ್ವ. ಗದ್ದಲ ಮಾಡೋ ತಲೆಗೆ ಎಣ್ಣೆ ಕೊಟ್ಟೆ. ಭಾರ ಹೊರೋ ಬೇರಿಂಗಿನ ಬಾಯಿಂದ ಕಿತ್ಕೊಂಡು ಕೊಟ್ಟೆ. ನಾಳೆ ಅದು ಓಡಲ್ಲ. ಓಡಿಸೋಕೆ ನಾನು ಬಿಡೋದೂ ಇಲ್ಲ."

ನಾಗವೇಣಿ ಅತ್ತಳು. "ನಾನು ಹೇಳಿದ್ನಲ್ಲ ಚಿಕ್ಕಪ್ಪ, ಕೆಳಗಿಂದ ಸದ್ದು ಬರ್ತಿದೆ ಅಂತ!" ಎಂದು ರೇಗಿದಳು. ಬೈಗುಳವೆಲ್ಲ ಮುಗಿದ ಮೇಲೆ ಅವಳು ಮೂಗೊರೆಸಿಕೊಂಡು ಕೇಳಿದಳು:

"ಚಕ್ರ ತಿರುಗುತ್ತಾ?"

"ನ್ಯೂಟ್ರಲ್ ಮಾಡಿದ್ರೆ ತಿರುಗುತ್ತೆ."

"ಹಂಗಾದ್ರೆ ನಾನು ಅದರ ಮೇಲೇ ಹೋಗೋದು. ನೀನು ನೂಕು."

ಮರುದಿನ ಬೆಳಿಗ್ಗೆ ಪೇಟೆಯ ಜನ ಆ ಮೆರವಣಿಗೆ ನೋಡಿದರು. ಮದುಮಗಳು ಬಾಸಿಂಗ ಕಟ್ಟಿಕೊಂಡು ಹ್ಯಾಂಡಲ್ ಹಿಡಿದು ಕೂತಿದ್ದಾಳೆ. ಹಿಂದೆ ಹೊಸ ಅಂಗಿಯ ತೋಳು ಮಡಚಿದ ಓಬಳೇಶ ನೂಕುತ್ತಿದ್ದಾನೆ. ಮಂಟಪದ ಏರಿನಲ್ಲಿ ಅವನಿಗೆ ಏದುಸಿರು ಬಂತು, ಬಾಯಿ ಒಣಗಿತು. ಬೇರಿಂಗಿಗೆ ತಾನು ಏನು ಮಾಡಿದ್ದೆ ಎಂಬುದು ಅವನ ಮೈಗೆ ಆಗ ಅರ್ಥವಾಯಿತು. ಮೇಲೆ ಕೂತವಳು ಹಿಂತಿರುಗಿ ಅದನ್ನು ಕಂಡು ಗಾಡಿ ನಿಲ್ಲಿಸಿ, "ಯಾರಾದ್ರೂ ಚಿಕ್ಕಪ್ಪನಿಗೆ ಮೊದಲು ನೀರು ಕೊಡ್ರೋ!" ಎಂದು ಕೂಗಿದಳು.

ರುದ್ರಮುನಿ ಚೊಂಬು ಹಿಡಿದು ಬಂದ. ನೀರು ಕೊಟ್ಟು ತಾನೂ ಗಾಡಿಗೆ ಭುಜ ಕೊಟ್ಟ. "ಹೊಗಳೋಕೆ ಮುಂದೆ ಬಂದಿದ್ದೆ. ನೂಕೋಕೆ ಹಿಂದೆ ಬರದಿದ್ರೆ ಹೆಂಗೆ?" ಎಂದ.

ಮದುವೆಯಾದ ಮೇಲೆ ಓಬಳೇಶ ಬೇರಿಂಗು ಹುಡುಕಿ ತಂದು, ಎಣ್ಣೆಯ ದಾರಿಯನ್ನು ಹಳೇ ಕ್ರಮಕ್ಕೆ ತಂದು, ಗಾಡಿಯನ್ನು ನಾಗವೇಣಿಗೆ ಕೊಟ್ಟ. ಅದು ಈಗಲೂ ಟಕಟಕ ಎನ್ನುತ್ತದೆ, ಈಗಲೂ ಓಡುತ್ತದೆ. ತಾಮ್ರದ ದಪ್ಪ ಪೈಪು ಗ್ಯಾರೇಜಿನ ಬಾಗಿಲಲ್ಲಿ ನೇತಾಡುತ್ತಿದೆ. ಯಾರಾದರೂ ಬಂದು "ತಲೆಗೆಣ್ಣೆ ಹಾಕ್ಬೇಕಿತ್ತು" ಎಂದರೆ ಓಬಳೇಶ ತಲೆಯೆತ್ತದೆ ಒಂದೇ ಮಾತು ಕೇಳುತ್ತಾನೆ:

"ಪಾದಕ್ಕಾಯ್ತಾ?"

ನೀತಿ: ಮನೆಯಲ್ಲಾಗಲಿ ಊರಿನಲ್ಲಾಗಲಿ ಹಂಚುವಾಗ ಹೊರುವವರಿಂದ ಶುರುಮಾಡಿ. ಮೇಲೆ ಕೂತು ಗದ್ದಲ ಮಾಡುವವರ ಬಾಯಿ ಮುಚ್ಚಿಸಲು ಕೆಳಗಿನವರ ಪಾಲು ಕಿತ್ತುಕೊಡುವುದು ಜಾಣತನವಲ್ಲ, ಕಳ್ಳತನ. ಕೆಳಗಿನವರು ಸುಮ್ಮನಿದ್ದಾರೆಂದರೆ ಅವರಿಗೆ ಸಾಕಾಗುವಷ್ಟು ಸಿಕ್ಕಿದೆ ಎಂದುಕೊಳ್ಳಬೇಡಿ. ಅವರ ಸದ್ದು ನಿಮಗೆ ಕೇಳಿಸುವ ಹೊತ್ತಿಗೆ ತಡವಾಗಿರುತ್ತದೆ.